ಇರುವ ರಿಸೀವರ್‌ಗೆ ಒಪ್ಪುವ ಹಳೆಯ ಸ್ಪೀಕರ್ ಜೋಡಿ ಆರಿಸುವುದು ಹೇಗೆ?

ಚೆನ್ನಾಗಿ ನೋಡಿಕೊಂಡ ಸ್ಪೀಕರ್ ಮೂವತ್ತು ನಲವತ್ತು ವರ್ಷ ಹಾಡುತ್ತದೆ. ಅದರೊಳಗೆ ಇರುವುದಾದರೂ ಏನು? ಒಂದು ಕೋನ್, ತಾಮ್ರದ ಸುರುಳಿ, ಅಯಸ್ಕಾಂತ, ಬೇಸ್ ಮತ್ತು ಮೇಲಿನ ಸ್ವರಗಳನ್ನು ಬೇರ್ಪಡಿಸುವ ನಾಲ್ಕಾರು ಬಿಡಿಭಾಗಗಳ ಕ್ರಾಸ್‌ಓವರ್ ಮತ್ತು ಒಂದು ಪೆಟ್ಟಿಗೆ. ಫೋನು, ಟಿವಿಗಳ ಹಾಗೆ ಇದು ವರ್ಷ ಕಳೆದಂತೆ ಹಿಂದೆ ಬೀಳುವ ವಸ್ತುವಲ್ಲ. ಆದ್ದರಿಂದಲೇ ಕಡಿಮೆ ದುಡ್ಡಿನಲ್ಲಿ ನಿಜವಾಗಿ ಒಳ್ಳೆಯ ಸದ್ದು ಬೇಕು ಅನ್ನುವವರಿಗೆ ಸೆಕೆಂಡ್ ಹ್ಯಾಂಡ್ ಸ್ಪೀಕರ್‌ಗಿಂತ ಲಾಭದ ದಾರಿ ನನಗಂತೂ ಕಂಡಿಲ್ಲ.

ಆದರೆ ಹೆಚ್ಚಿನವರು ಹುಡುಕಾಟವನ್ನು ತಲೆಕೆಳಗಾಗಿ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನ ಬಳಿ ಇದ್ದದ್ದು ಚಾನೆಲ್‌ಗೆ, ಅಂದರೆ ಎಡ ಬಲದ ಒಂದೊಂದು ಬದಿಗೆ, 25 ವ್ಯಾಟ್ ಕೊಡುವ ಹಳೆಯ ರಿಸೀವರ್ (ರೇಡಿಯೋ ಮತ್ತು ಸ್ಪೀಕರ್ ನಡೆಸುವ ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ). ಹೆಸರು ಕೇಳಿ ಮನಸೋತು ಸೊಂಟದೆತ್ತರದ 4 ಓಮ್ ಸ್ಪೀಕರ್ ಜೋಡಿಯೊಂದನ್ನು ತಂದೆ (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ). ಮೊದಲ ಸಂಜೆ ಅರ್ಧ ಗಂಟೆ ಚೆನ್ನಾಗಿಯೇ ಹಾಡಿತು. ಆಮೇಲೆ ಒಳಗೆ ‘ಟಕ್’ ಅಂತ ಸದ್ದಾಯಿತು, ಎಲ್ಲ ನಿಶ್ಶಬ್ದ. ರಿಸೀವರ್‌ನ ನೆತ್ತಿ ಮುಟ್ಟಲಾರದಷ್ಟು ಬಿಸಿಯಾಗಿತ್ತು. ಸ್ಪೀಕರ್‌ನಲ್ಲೂ ದೋಷವಿರಲಿಲ್ಲ, ರಿಸೀವರ್‌ನಲ್ಲೂ ಇರಲಿಲ್ಲ. ಎರಡಕ್ಕೂ ಹೊಂದಾಣಿಕೆ ಇರಲಿಲ್ಲ, ಅಷ್ಟೇ. ಅಂದಿನಿಂದ ಯಾರು ಸಲಹೆ ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ನಿಮ್ಮ ರಿಸೀವರ್ ಯಾವುದು?

ಹೆಜ್ಜೆ 1: ರಿಸೀವರ್‌ನ ಹಿಂಭಾಗ ಓದಿ

ಸ್ಪೀಕರ್ ತಂತಿ ಸಿಕ್ಕಿಸುವ ಜಾಗದ ಹತ್ತಿರವೇ ಓಮ್ ಲೆಕ್ಕ ಅಚ್ಚಾಗಿರುತ್ತದೆ. ‘8 ಓಮ್’, ‘6ರಿಂದ 16 ಓಮ್’, ‘4 ಓಮ್ ಅಥವಾ ಹೆಚ್ಚು’ ಎಂದೆಲ್ಲ ಇರಬಹುದು. ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಸ್ಪೀಕರ್ ನೋಡಲು ಹೋದಾಗ ಬೇಕಾಗುತ್ತದೆ.

ಎ ಮತ್ತು ಬಿ ಎಂದು ಎರಡು ಜೋಡಿ ಸ್ಪೀಕರ್‌ಗೆ ಜಾಗವಿದ್ದರೆ ಇನ್ನೊಂದು ವಿಷಯ ಗಮನಿಸಿ. ಎರಡನ್ನೂ ಒಟ್ಟಿಗೆ ಹಾಕಿದಾಗ ಹೆಚ್ಚಿನ ರಿಸೀವರ್‌ಗಳು ಅವನ್ನು ಸಮಾನಾಂತರವಾಗಿ ಜೋಡಿಸುತ್ತವೆ. ಆಗ ಎರಡು 8 ಓಮ್ ಸೇರಿ 4 ಓಮ್ ಆಗುತ್ತದೆ. ಎರಡು 4 ಓಮ್ ಸೇರಿದರೆ 2 ಓಮ್! ಇದನ್ನು ತಾಳಿಕೊಳ್ಳುವ ರಿಸೀವರ್ ತೀರಾ ಕಡಿಮೆ. ಅಲ್ಲಿ ‘ಎ+ಬಿ’ಗೆ ಬೇರೆ ಓಮ್ ಲೆಕ್ಕ ಬರೆದಿದ್ದರೆ ಕಾರಣ ಇದೇ.

ಮುಂದಿನದು ವ್ಯಾಟ್. ಇಲ್ಲಿ ಮೋಸ ಹೋಗುವುದು ಸುಲಭ. ನಂಬಬಹುದಾದ ಲೆಕ್ಕ ಹೀಗಿರುತ್ತದೆ: ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗ, 8 ಓಮ್‌ಗೆ, 20ರಿಂದ 20,000 ಹರ್ಟ್ಸ್‌ವರೆಗೆ, ಚಾನೆಲ್‌ಗೆ ಇಷ್ಟು ವ್ಯಾಟ್, ಜೊತೆಗೆ ಇಷ್ಟು ಶೇಕಡಾ ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ). ಅಮೆರಿಕದಲ್ಲಿ 1974ರಲ್ಲಿ ಸರ್ಕಾರವೇ ನಿಯಮ ತಂದು ಆಂಪ್ಲಿಫೈಯರ್ ವ್ಯಾಟ್‌ಗಳನ್ನು ಸುಮ್ನೆ ಉಬ್ಬಿಸಿ ಬರೆಯುವುದಕ್ಕೆ ಕಡಿವಾಣ ಹಾಕಿತು. ಹಾಗಾಗಿ ಆ ಮಾರುಕಟ್ಟೆಗೆಂದು ತಯಾರಾದ ಎಪ್ಪತ್ತು, ಎಂಬತ್ತರ ದಶಕದ ಸ್ಟೀರಿಯೋ ರಿಸೀವರ್‌ಗಳಲ್ಲಿ ‘30 ವ್ಯಾಟ್’ ಅಂದರೆ ಬಹುತೇಕ ನಿಜವಾದ 30 ವ್ಯಾಟ್. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದ ಸಾವಿರಗಟ್ಟಲೆ ಅಂಕಿಗಳನ್ನು ಪೂರ್ತಿ ಮರೆತುಬಿಡಿ. ಐದು ಏಳು ಚಾನೆಲ್‌ಗಳ ಹೋಮ್ ಥಿಯೇಟರ್ ರಿಸೀವರ್‌ನಲ್ಲೂ ದೊಡ್ಡ ಅಂಕಿ ಕಾಣುತ್ತದೆ. ಅದು ಒಂದೇ ಚಾನೆಲ್ ನಡೆಸಿ, 6 ಓಮ್‌ಗೆ, ಒಂದೇ ಫ್ರೀಕ್ವೆನ್ಸಿಯಲ್ಲಿ ಅಳೆದದ್ದೋ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿ.

ರಿಸೀವರ್ ಕೂಡ ಹಳೆಯದಾಗಿದ್ದರೆ ಸ್ಪೀಕರ್ ಕೊಳ್ಳುವ ಮೊದಲೇ ಒಂದು ಪರೀಕ್ಷೆ ಮಾಡಿ. ಸ್ಪೀಕರ್ ತೆಗೆದು, ವಾಲ್ಯೂಮ್ ಸೊನ್ನೆಗಿಟ್ಟು, ಹತ್ತು ನಿಮಿಷ ಆನ್ ಮಾಡಿಡಿ. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಒಂದೊಂದೇ ಚಾನೆಲ್‌ನ ಕೆಂಪು ಕಪ್ಪು ತುದಿಗಳ ನಡುವೆ ಅಳೆಯಿರಿ. 50 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. 100 ದಾಟಿದರೆ ಮೊದಲು ರಿಪೇರಿಯವರಿಗೆ ತೋರಿಸಿ. ಕೆಟ್ಟ ರಿಸೀವರ್‌ನಿಂದ ನೇರ ಡಿಸಿ ಕರೆಂಟು ಜಾಸ್ತಿ ಹರಿದರೆ ಬೇಸ್ ನುಡಿಸುವ ದೊಡ್ಡ ಕೋನ್, ಅಂದರೆ ವೂಫರ್‌ನ ಸುರುಳಿಯೇ ಸುಟ್ಟುಹೋಗುತ್ತದೆ. ಎಷ್ಟು ಒಳ್ಳೆಯ ಸ್ಪೀಕರ್ ತಂದರೂ ಉಳಿಯುವುದಿಲ್ಲ.

ಹೆಜ್ಜೆ 2: ಓಮ್ ಹೊಂದುತ್ತದೆಯೇ?

ನಿಯಮ ಸರಳ. ರಿಸೀವರ್ ಕೇಳುವುದಕ್ಕಿಂತ ಹೆಚ್ಚು ಓಮ್‌ನ ಸ್ಪೀಕರ್ ಹಾಕಿದರೆ ಅಪಾಯವಿಲ್ಲ, ಸಿಗುವ ವ್ಯಾಟ್ ಸ್ವಲ್ಪ ಕಡಿಮೆಯಾಗುತ್ತದೆ. ಕಡಿಮೆ ಓಮ್‌ನದು ಹಾಕಿದರೆ ರಿಸೀವರ್ ಹೆಚ್ಚು ಕರೆಂಟ್ ಒದಗಿಸಬೇಕಾಗುತ್ತದೆ, ಬಿಸಿಯಾಗುತ್ತದೆ, ಕೊನೆಗೆ ರಕ್ಷಣಾ ರಿಲೇ ಸ್ಪೀಕರ್ ಸಂಪರ್ಕ ಕಡಿಯುತ್ತದೆ ಅಥವಾ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತದೆ.

ಆದರೆ ಸ್ಪೀಕರ್ ಮೇಲೆ ಬರೆದ ಓಮ್ ಒಂದು ಅಂದಾಜು ಮಾತ್ರ. ಈ ತಡೆ, ಅಂದರೆ ಇಂಪೀಡೆನ್ಸ್, ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. 8 ಓಮ್ ಎಂದು ಬರೆದದ್ದು ಒಂದು ಕಡೆ 6ಕ್ಕೆ ಇಳಿದು, ಕೆಳಗಿನ ಬೇಸ್‌ನಲ್ಲಿ 30 ದಾಟಬಹುದು. ಎಲ್ಲಿಯವರೆಗೆ ಇಳಿಯುತ್ತದೆ ಅನ್ನುವುದೇ ಮುಖ್ಯ. ಎಂಬತ್ತರ ದಶಕದ ಇನ್ಫಿನಿಟಿ ಕಪ್ಪಾ 9 ಆಂಪ್ಲಿಫೈಯರ್‌ಗಳನ್ನು ಮಣಿಸುವುದಕ್ಕೇ ಹೆಸರುವಾಸಿ. ಅದರ ಇಂಪೀಡೆನ್ಸ್ ಒಂದು ಓಮ್‌ನ ಆಸುಪಾಸಿಗೆ ಬೀಳುತ್ತದೆ. ಕಡಿಮೆ ಬೆಲೆಗೆ ಸಿಕ್ಕರೂ ಸಾಧಾರಣ ರಿಸೀವರ್ ಇರುವವರು ಅಂಥದ್ದಕ್ಕೆ ಕೈ ಹಾಕಬಾರದು.

ಲೇಬಲ್ ಹರಿದುಹೋಗಿದ್ದರೆ ಮಲ್ಟಿಮೀಟರ್‌ನಿಂದ ಸ್ಪೀಕರ್‌ನ ಎರಡು ತುದಿ ಮುಟ್ಟಿಸಿ ಅಳೆಯಿರಿ. 8 ಓಮ್ ಸ್ಪೀಕರ್ ಸಾಮಾನ್ಯವಾಗಿ 5.5ರಿಂದ 7ರ ನಡುವೆ ತೋರಿಸುತ್ತದೆ, 4 ಓಮ್‌ನದು 3ರಿಂದ 4ರ ನಡುವೆ. ಮೀಟರ್ ಅಳೆಯುವುದು ತಂತಿಯ ಡಿಸಿ ರೆಸಿಸ್ಟೆನ್ಸ್ ಆದ್ದರಿಂದ ಅಂಕಿ ಯಾವಾಗಲೂ ಸ್ವಲ್ಪ ಕೆಳಗೇ ಬರುತ್ತದೆ. ಎಡದ ಮತ್ತು ಬಲದ ಸ್ಪೀಕರ್ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸಬೇಕು. ಒಂದು 6.2, ಇನ್ನೊಂದು 3.8 ಅಂದರೆ ಒಳಗೆ ಯಾವುದೋ ಭಾಗ ಬದಲಾಗಿದೆ ಅಥವಾ ಸುಟ್ಟಿದೆ.

ಕೆಲವು ರಿಸೀವರ್‌ಗಳ ಹಿಂದೆ 4 ಓಮ್, 8 ಓಮ್ ಎಂಬ ಸ್ವಿಚ್ ಇರುತ್ತದೆ. 4ಕ್ಕೆ ಹಾಕಿದರೆ ಸಾಮಾನ್ಯವಾಗಿ ಒಳಗಿನ ವೋಲ್ಟೇಜ್ ಇಳಿದು ಬಿಸಿ ಕಡಿಮೆಯಾಗುತ್ತದೆ, ಶಕ್ತಿಯೂ ಇಳಿಯುತ್ತದೆ. ಈ ಸ್ವಿಚ್‌ನಿಂದ ಚಿಕ್ಕ ರಿಸೀವರ್‌ಗೆ ಹೊಸ ಬಲ ಬಂದುಬಿಡುವುದಿಲ್ಲ.

ಹೆಜ್ಜೆ 3: ಸೆನ್ಸಿಟಿವಿಟಿ ನೋಡಿ, ಬಜೆಟ್ ಉಳಿಯುವುದು ಇಲ್ಲೇ

ಇಡೀ ವಿಷಯದಲ್ಲಿ ಜನ ಕಡೆಗಣಿಸುವ ಅಂಕಿ ಇದು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಅನ್ನುವುದೇ ಸೆನ್ಸಿಟಿವಿಟಿ. 3 ಡೆಸಿಬೆಲ್ ಹೆಚ್ಚು ಬೇಕೆಂದರೆ ಎರಡು ಪಟ್ಟು ವ್ಯಾಟ್ ಬೇಕು. 10 ಡೆಸಿಬೆಲ್‌ಗೆ ಹತ್ತು ಪಟ್ಟು.

ಲೆಕ್ಕ ಹಾಕಿ ನೋಡಿ. 85 ಡೆಸಿಬೆಲ್‌ನ ಸ್ಪೀಕರ್‌ಗೆ 40 ವ್ಯಾಟ್ ಕೊಟ್ಟರೆ ಒಂದು ಮೀಟರ್‌ನಲ್ಲಿ ಸುಮಾರು 101 ಡೆಸಿಬೆಲ್ ಬರುತ್ತದೆ. 91 ಡೆಸಿಬೆಲ್‌ನ ಸ್ಪೀಕರ್ ಅದೇ ಸದ್ದನ್ನು 10 ವ್ಯಾಟ್‌ನಲ್ಲಿ ಕೊಡುತ್ತದೆ! ಚಿಕ್ಕ ರಿಸೀವರ್ ಇದ್ದವರು ದೊಡ್ಡ ಆಂಪ್ಲಿಫೈಯರ್ ಕೊಳ್ಳುವ ಬದಲು ಸರಿಯಾದ ಸ್ಪೀಕರ್ ಆರಿಸಿದರೆ ಸಾಕು ಅನ್ನುವುದು ಇದಕ್ಕೇ.

ನನ್ನ ಅಳತೆಗೋಲು ಹೀಗೆ. ಚಾನೆಲ್‌ಗೆ 15ರಿಂದ 30 ವ್ಯಾಟ್ ಇದ್ದರೆ 89 ಡೆಸಿಬೆಲ್‌ಗಿಂತ ಮೇಲಿನದನ್ನೇ ಹುಡುಕಿ. 40ರಿಂದ 60 ಇದ್ದರೆ 86ರಿಂದ ಮೇಲಿನವು ಸರಿಹೋಗುತ್ತವೆ. 80 ದಾಟಿದರೆ ಆಯ್ಕೆ ವಿಶಾಲ. ತುಂಬ ಚಿಕ್ಕ ಕೋಣೆಯಲ್ಲಿ, ಮೆಲ್ಲಗೆ ಕೇಳುವವರು ಇದನ್ನು ಸ್ವಲ್ಪ ಸಡಿಲಿಸಬಹುದು.

ಸೆನ್ಸಿಟಿವಿಟಿ ತೀರಾ ಕಡಿಮೆ ಇರುವ, ತುಂಬ ಹೆಚ್ಚಿರುವ ಒಂದೊಂದು ಉದಾಹರಣೆ ನೋಡಿ. ಬಿಬಿಸಿ ವಿನ್ಯಾಸದ ಎಲ್‌ಎಸ್‌3/5ಎ ಪುಟ್ಟ ಸ್ಪೀಕರ್, ಮನುಷ್ಯರ ದನಿಯನ್ನು ಸೊಗಸಾಗಿ ಕೇಳಿಸುತ್ತದೆ. ಮೂಲ ಮಾದರಿ 15 ಓಮ್, ಸೆನ್ಸಿಟಿವಿಟಿ 82, 83ರ ಆಸುಪಾಸು. ಓಮ್ ಲೆಕ್ಕದಲ್ಲಿ ಯಾವ ರಿಸೀವರ್‌ಗೂ ಅದು ಸುರಕ್ಷಿತ, ಆದರೆ 20 ವ್ಯಾಟ್‌ನಲ್ಲಿ ದೊಡ್ಡ ಕೋಣೆ ತುಂಬುವುದಿಲ್ಲ. ಕ್ಲಿಪ್ಶ್ ಕಂಪನಿಯ ಹೆರೆಸಿ 95 ಡೆಸಿಬೆಲ್‌ಗೂ ಮೇಲಿನದು. ಐದಾರು ವ್ಯಾಟ್ ಕೊಟ್ಟರೂ ಮನೆಯಲ್ಲಿ ಧಾರಾಳವಾಗಿ ಹಾಡುತ್ತದೆ.

ಕ್ಯಾಟಲಾಗ್ ಓದುವಾಗ ಒಂದು ಎಚ್ಚರ. ಕೆಲವರು ‘1 ವ್ಯಾಟ್‌ಗೆ’ ಎಂದು ಬರೆಯುತ್ತಾರೆ, ಕೆಲವರು ‘2.83 ವೋಲ್ಟ್‌ಗೆ’ ಎಂದು. 8 ಓಮ್ ಸ್ಪೀಕರ್‌ನಲ್ಲಿ ಎರಡೂ ಒಂದೇ. 4 ಓಮ್‌ನದಾದರೆ 2.83 ವೋಲ್ಟ್ ಅಂದರೆ 2 ವ್ಯಾಟ್. ಆದ್ದರಿಂದ ಅಲ್ಲಿ ಬರೆದ ಅಂಕಿಯಿಂದ 3 ಕಳೆದು ಹೋಲಿಸಿ.

ಇನ್ನು ಸ್ಪೀಕರ್ ಬೆನ್ನಿನ ಮೇಲಿನ ‘100 ವ್ಯಾಟ್’ ಅನ್ನುವ ಬರಹ. ಅದು ಸ್ಪೀಕರ್ ತಡೆದುಕೊಳ್ಳುವ ಮಿತಿ, ಅದಕ್ಕೆ ಬೇಕಾದಷ್ಟು ಅಂತ ಅರ್ಥವಲ್ಲ. 30 ವ್ಯಾಟ್ ರಿಸೀವರ್‌ಗೆ 100 ವ್ಯಾಟ್ ಸ್ಪೀಕರ್ ಹಾಕುವುದರಲ್ಲಿ ಏನೂ ತಪ್ಪಿಲ್ಲ. ಎಷ್ಟೋ ಸ್ಪೀಕರ್‌ಗಳನ್ನು ಕೊಲ್ಲುವುದು ಕ್ಲಿಪ್ಪಿಂಗ್. ಚಿಕ್ಕ ರಿಸೀವರನ್ನು ಅದರ ಶಕ್ತಿ ಮೀರಿ ತಿರುಗಿಸಿದಾಗ ಅಲೆಯ ತಲೆ ಕತ್ತರಿಸಿದಂತಾಗುತ್ತದೆ. ಹಾಗೆ ಕತ್ತರಿಸಿದ ಅಲೆಯಲ್ಲಿ ಮೇಲಿನ ಫ್ರೀಕ್ವೆನ್ಸಿಗಳ ಶಕ್ತಿ ಹೆಚ್ಚಿರುತ್ತದೆ, ಅದು ನೇರವಾಗಿ ಹೋಗುವುದು ಮೇಲಿನ ಸ್ವರ ನುಡಿಸುವ, ಕೂದಲೆಳೆಯಂಥ ತಂತಿಯ ಟ್ವೀಟರ್‌ಗೆ. ಕಡಿಮೆ ಸೆನ್ಸಿಟಿವಿಟಿಯ ಸ್ಪೀಕರ್, ಚಿಕ್ಕ ರಿಸೀವರ್, ಜೋರು ಕೇಳುವ ಅಭ್ಯಾಸ, ಈ ಮೂರು ಸೇರಿದ ಕಡೆ ಟ್ವೀಟರ್ ಉಳಿಯುವುದು ಕಷ್ಟ.

ಹೆಜ್ಜೆ 4: ಕೋಣೆಯ ಅಳತೆ

ಪೆಟ್ಟಿಗೆ ಚಿಕ್ಕದಾಗಿರಬೇಕು, ಬೇಸ್ ಆಳಕ್ಕೆ ಇಳಿಯಬೇಕು, ಸೆನ್ಸಿಟಿವಿಟಿಯೂ ಹೆಚ್ಚಿರಬೇಕು ಅಂದರೆ ಆಗುವುದಿಲ್ಲ. ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬೇಕು. 1954ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್-1 ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯಿಂದ ಆಳವಾದ ಬೇಸ್ ತೆಗೆದು ಎಲ್ಲರನ್ನೂ ಬೆರಗುಗೊಳಿಸಿತು. ಅದಕ್ಕೆ ಕೊಟ್ಟ ಬೆಲೆ ಕಡಿಮೆ ಸೆನ್ಸಿಟಿವಿಟಿ. ಆ ಬಗೆಯ ಸ್ಪೀಕರ್‌ಗಳಿಗೆ ಬಲವಾದ ಆಂಪ್ಲಿಫೈಯರ್ ಬೇಕಾಯಿತು.

ಚಿಕ್ಕ ಕೋಣೆಗೆ 5ರಿಂದ 6.5 ಇಂಚು ವೂಫರ್‌ನ ಬುಕ್‌ಶೆಲ್ಫ್ (ಕಪಾಟಿನಲ್ಲಿ ಕೂರುವಷ್ಟು ಚಿಕ್ಕ) ಸ್ಪೀಕರ್ ಸಾಕು. ದೊಡ್ಡ ಹಾಲ್‌ಗೆ 8 ಇಂಚು ಅಥವಾ ಅದಕ್ಕಿಂತ ದೊಡ್ಡದು. ಹಿಂದೆ ತೂತು ಅಂದರೆ ಪೋರ್ಟ್ ಇರುವ ಸ್ಪೀಕರನ್ನು ಗೋಡೆಗೆ ಒತ್ತಿ ಇಟ್ಟರೆ ಬೇಸ್ ಗುಂಯ್‌ಗುಡುತ್ತದೆ. ಗೋಡೆಯಿಂದ ದೂರ ಇಡಲು ಜಾಗವೇ ಇಲ್ಲದವರು ಮುಚ್ಚಿದ ಪೆಟ್ಟಿಗೆಯದನ್ನೋ ಮುಂದೆ ಪೋರ್ಟ್ ಇರುವುದನ್ನೋ ನೋಡಿ.

ಹೆಜ್ಜೆ 5: ಹಣ ಹಂಚಿಕೊಳ್ಳಿ

ಕೈಯಲ್ಲಿರುವುದನ್ನೆಲ್ಲ ಸ್ಪೀಕರ್‌ಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನಾದರೂ ತಂತಿ, ಸ್ಟ್ಯಾಂಡ್, ಸಣ್ಣ ರಿಪೇರಿಗೆ ತೆಗೆದಿಡಿ. ಸ್ಟ್ಯಾಂಡ್ ಇಲ್ಲದೆ ನೆಲದ ಮೇಲಿಟ್ಟ ದುಬಾರಿ ಬುಕ್‌ಶೆಲ್ಫ್‌ಗಿಂತ, ಕಿವಿಯ ಎತ್ತರಕ್ಕೆ ನಿಂತ ಸಾಧಾರಣ ಜೋಡಿ ಎಷ್ಟೋ ಮೇಲು.

ಹೆಜ್ಜೆ 6: ಹೋಗುವ ಮೊದಲು ಕೇಳಿ

ಮಾದರಿಯ ಪೂರ್ತಿ ಹೆಸರು ಕೇಳಿ. ಮುಂದಿನ ಬಟ್ಟೆಯ ಗ್ರಿಲ್ ತೆಗೆದ ಫೋಟೋ, ಹಿಂಭಾಗದ ಫೋಟೋ, ಎರಡರ ಸೀರಿಯಲ್ ನಂಬರ್ ಕೇಳಿ. ನಂಬರ್‌ಗಳು ಹತ್ತಿರ ಹತ್ತಿರ ಇದ್ದರೆ ಹುಟ್ಟಿನಿಂದ ಜೊತೆಗಿದ್ದ ಜೋಡಿ ಎಂದು ಊಹಿಸಬಹುದು. ಯಾವುದಾದರೂ ಡ್ರೈವರ್ (ವೂಫರ್, ಟ್ವೀಟರ್ ಇತ್ಯಾದಿ) ಬದಲಾಯಿಸಿದ್ದಾರೆಯೇ, ನುಡಿಸಿ ತೋರಿಸುತ್ತಾರೆಯೇ ಎಂದೂ ಕೇಳಿ. ನುಡಿಸಿ ತೋರಿಸಲು ಆಗುವುದಿಲ್ಲ ಅಂದರೆ ಅದನ್ನು ಕೆಟ್ಟ ಸ್ಪೀಕರ್ ಎಂದೇ ಲೆಕ್ಕ ಹಾಕಿ ಬೆಲೆ ಕಟ್ಟಿ. ಗ್ರಿಲ್ ತೆಗೆಯಲು ಒಪ್ಪದಿದ್ದರೆ ಹೋಗುವುದೇ ಬೇಡ.

ಹೆಜ್ಜೆ 7: ಕಣ್ಣಿಂದ, ಕೈಯಿಂದ ಪರೀಕ್ಷಿಸಿ

ಚೀಲದಲ್ಲಿ ಟಾರ್ಚ್, ಮಲ್ಟಿಮೀಟರ್, 1.5 ವೋಲ್ಟ್ ಬ್ಯಾಟರಿ, ಎರಡು ತುಂಡು ತಂತಿ ಇರಲಿ. ಸಾಧ್ಯವಾದರೆ ನಿಮ್ಮ ರಿಸೀವರನ್ನೇ ಒಯ್ಯಿರಿ. ಹೊತ್ತುಕೊಂಡು ಹೋಗುವುದು ಕಷ್ಟ, ನಿಜ. ಆದರೆ ಅದಕ್ಕಿಂತ ಖಚಿತ ಪರೀಕ್ಷೆ ಇನ್ನೊಂದಿಲ್ಲ.

ಮೊದಲು ಸರೌಂಡ್. ಕೋನ್‌ನ ಅಂಚನ್ನು ಚೌಕಟ್ಟಿಗೆ ಅಂಟಿಸಿರುವ ಮೆತ್ತನೆಯ ಉಂಗುರ ಅದು. ಎಪ್ಪತ್ತರಿಂದ ತೊಂಬತ್ತರ ದಶಕದವರೆಗಿನ ಎಷ್ಟೋ ಸ್ಪೀಕರ್‌ಗಳಲ್ಲಿ ಇದು ಫೋಮ್‌ನದು. ಫೋಮ್ ನುಡಿಸಿದರೂ ನುಡಿಸದಿದ್ದರೂ ಹತ್ತು ಇಪ್ಪತ್ತು ವರ್ಷಕ್ಕೆ ಕೊಳೆಯುತ್ತದೆ. ತೇವ ಇರುವ ಕಡೆ ಇನ್ನೂ ಬೇಗ. ಬೆರಳ ತುದಿಯಿಂದ ಮೆಲ್ಲಗೆ ಸವರಿ. ಅಂಟಂಟಾಗಿದ್ದರೆ, ಕಪ್ಪು ಪುಡಿ ಉದುರಿದರೆ, ಬಿರುಕು ಕಂಡರೆ ಅದರ ಆಯುಸ್ಸು ಮುಗಿದಿದೆ. ರಬ್ಬರ್ ಸರೌಂಡ್, ಲೇಪ ಹಚ್ಚಿದ ಬಟ್ಟೆಯ ಸರೌಂಡ್ ಹೀಗೆ ಪುಡಿಯಾಗುವುದಿಲ್ಲ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಅವನ್ನೇ.

ಹಾಗಂತ ಫೋಮ್ ಹೋದ ಸ್ಪೀಕರನ್ನು ಕಸಕ್ಕೆ ಹಾಕುವಂತಿಲ್ಲ. ಹೊಸ ಉಂಗುರ ಮತ್ತು ಅಂಟು ಸೇರಿದ ಕಿಟ್ ಸಿಗುತ್ತದೆ. ಹಳೆಯದನ್ನು ಕೆರೆದು ತೆಗೆದು, ಕೋನ್ ನಟ್ಟನಡುವೆ ಕೂರುವಂತೆ ಹೊಸದನ್ನು ಅಂಟಿಸಬೇಕು. ತಾಳ್ಮೆಯಿದ್ದರೆ ಮನೆಯಲ್ಲೇ ಆಗುವ ಕೆಲಸ. ಹೆನ್ರಿ ಕ್ಲಾಸ್ ಅವರ 1969ರ ಅಡ್ವೆಂಟ್ ಸ್ಪೀಕರ್‌ಗಳು ಹೀಗೆ ಹೊಸ ಫೋಮ್ ಹಾಕಿಸಿಕೊಂಡು ಇವತ್ತಿಗೂ ಹಾಡುತ್ತಿವೆ. ಉಳಿದದ್ದೆಲ್ಲ ಸರಿ ಇದ್ದು ಫೋಮ್ ಮಾತ್ರ ಹೋಗಿದ್ದರೆ, ಆ ಕಾರಣಕ್ಕೆ ಬೆಲೆಯೂ ಇಳಿದಿದ್ದರೆ, ಕೈ ಕೆಲಸ ಬಲ್ಲವರಿಗೆ ಅದು ಒಳ್ಳೆಯ ಅವಕಾಶ.

ಆಮೇಲೆ ವೂಫರ್ ಕೋನ್. ಎರಡೂ ಕೈಯ ಬೆರಳುಗಳನ್ನು ಕೋನ್ ಸುತ್ತ ಸಮವಾಗಿ ಇಟ್ಟು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಕರಕರ ಅಂದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆ. ಸ್ಪೀಕರ್ ಎತ್ತರದಿಂದ ಬಿದ್ದು ಅಯಸ್ಕಾಂತ ಜರುಗಿದ್ದರೂ, ಸುರುಳಿ ಬಿಸಿಗೆ ಬಾಗಿದ್ದರೂ ಹೀಗಾಗುತ್ತದೆ. ಟ್ವೀಟರನ್ನು ಮಾತ್ರ ಮುಟ್ಟಬೇಡಿ, ನೋಡಿ ಅಷ್ಟೇ. ಅದರ ಗುಮ್ಮಟ ಒಳಕ್ಕೆ ತಗ್ಗಿದ್ದರೆ ಬೆಲೆ ಇಳಿಸಲು ಅದು ಸಾಕಷ್ಟು ಕಾರಣ.

ಬ್ಯಾಟರಿ ಪರೀಕ್ಷೆ ಹೀಗೆ. ಬ್ಯಾಟರಿಯ ಪ್ಲಸ್ ಅನ್ನು ಕೆಂಪು ತುದಿಗೆ, ಮೈನಸ್ ಅನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿ. ವೂಫರ್ ಮುಂದಕ್ಕೆ ಚಿಮ್ಮಬೇಕು. ಹಳೆಯ ಜೆಬಿಎಲ್‌ಗಳಲ್ಲಿ ಹಿಂದಕ್ಕೆ ಹೋಗುವುದೂ ಉಂಟು, ಅವರ ಪದ್ಧತಿಯೇ ಹಾಗಿತ್ತು. ಎಡ ಬಲ ಎರಡೂ ಒಂದೇ ದಿಕ್ಕಿಗೆ ಹೋಗಬೇಕು ಅನ್ನುವುದೇ ಮುಖ್ಯ. ಒಂದು ಮುಂದೆ, ಒಂದು ಹಿಂದೆ ಅಂದರೆ ಒಳಗೆ ಯಾರೋ ತಂತಿ ಅದಲು ಬದಲು ಮಾಡಿದ್ದಾರೆ.

ಪೆಟ್ಟಿಗೆಯ ತಳ ತಿರುಗಿಸಿ ನೋಡಿ. ನೀರು ತಾಗಿದ ಎಂಡಿಎಫ್ (ಮರದ ನಾರಿನ ಹಲಗೆ) ಊದಿಕೊಂಡಿರುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ, ಏಕೆ ಎಂದು ಕೇಳಿ. ಎರಡರ ವೂಫರ್, ಟ್ವೀಟರ್ ಒಂದೇ ಥರ ಕಾಣುತ್ತವೆಯೇ ಹೋಲಿಸಿ. ಹಿಂದೆ ನಾಲ್ಕು ತುದಿಗಳಿದ್ದರೆ ಅವನ್ನು ಜೋಡಿಸುವ ಲೋಹದ ಪಟ್ಟಿಗಳು ಇವೆಯೇ ನೋಡಿ. ಅವಿಲ್ಲದೆ ಸುಮ್ನೆ ತಂತಿ ಸಿಕ್ಕಿಸಿದರೆ ಅರ್ಧ ಸ್ಪೀಕರ್ ಮಾತ್ರ ಹಾಡುತ್ತದೆ. ಇಷ್ಟಕ್ಕೇ ಟ್ವೀಟರ್ ಸತ್ತಿದೆ ಎಂದು ಕಡಿಮೆಗೆ ಮಾರಿದವರನ್ನು ನಾನು ನೋಡಿದ್ದೇನೆ.

ಹೆಜ್ಜೆ 8: ಕಿವಿಯಿಂದ ಪರೀಕ್ಷಿಸಿ

ನಿಮಗೆ ಬಾಯಿಪಾಠವಾಗಿರುವ ಮೂರು ನಾಲ್ಕು ಹಾಡುಗಳನ್ನು ಒಯ್ಯಿರಿ. ಮಾರುವವರು ಹಾಕುವ ಹಾಡು ಬೇಡ. ಯಾವ ಹಾಡಿನಿಂದ ಆ ಸ್ಪೀಕರ್ ಚೆನ್ನಾಗಿ ಕೇಳುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ಮೆಲ್ಲಗೆ ಶುರು ಮಾಡಿ. ಪ್ರತಿ ಡ್ರೈವರ್ ಹತ್ತಿರ ಕಿವಿ ಇಟ್ಟು ಎಲ್ಲವೂ ಹಾಡುತ್ತಿವೆಯೇ ಕೇಳಿ. ದೂರದಿಂದ ಕೇಳಿದರೆ ಸತ್ತ ಟ್ವೀಟರ್ ಗೊತ್ತೇ ಆಗದಿರಬಹುದು. ‘ಸ್ವಲ್ಪ ಮಂದ ಸದ್ದು’ ಎಂದುಕೊಂಡು ಮನೆಗೆ ತರುತ್ತೀರಿ.

ಮುಂದೆ ರಿಸೀವರನ್ನು ಮೋನೋಗೆ (ಎರಡೂ ಕಡೆ ಒಂದೇ ಸದ್ದು) ಹಾಕಿ, ಒಬ್ಬರೇ ಹಾಡುವ ಹಾಡು ಇಟ್ಟು, ಎರಡರ ನಡುವೆ ಕುಳಿತುಕೊಳ್ಳಿ. ದನಿ ನಡುವಿನ ಖಾಲಿ ಜಾಗದಿಂದ, ಒಂದೇ ಬಿಂದುವಿನಿಂದ ಬಂದಂತಿರಬೇಕು. ಒಂದು ಬದಿಗೆ ವಾಲಿದರೆ ಎರಡು ಸ್ಪೀಕರ್ ಸಮವಿಲ್ಲ. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ, ಬೇಸ್ ಕೂಡ ಸೊರಗಿದ್ದರೆ ಒಂದರ ತಂತಿ ಉಲ್ಟಾ ಆಗಿದೆ. ಬಳಿಕ ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡರ ಸದ್ದು ಹೋಲಿಸಿ. ಒಂದು ಕಡೆ ಮಂಕಾಗಿದ್ದರೆ ಎಡ ಬಲ ತಂತಿಗಳನ್ನು ರಿಸೀವರ್ ಹತ್ತಿರ ಅದಲು ಬದಲು ಮಾಡಿ ಮತ್ತೆ ಕೇಳಿ. ಮಂಕು ಅದೇ ಸ್ಪೀಕರ್‌ನಲ್ಲಿ ಉಳಿದರೆ ತಪ್ಪು ಸ್ಪೀಕರ್‌ನದು, ಇನ್ನೊಂದಕ್ಕೆ ಹೋದರೆ ರಿಸೀವರ್‌ನದು.

ಫೋನ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 30ರಿಂದ 300 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸಿ, ಸಣ್ಣ ವಾಲ್ಯೂಮ್‌ನಲ್ಲಿ. ಹಾಡಿನಲ್ಲಿ ಅಡಗಿಕೊಳ್ಳುವ ಗೊರಗೊರ, ಸಡಿಲವಾದ ಹಲಗೆಯ ಅದುರು, ಸುರುಳಿಯ ಉಜ್ಜಾಟ ಎಲ್ಲವೂ ಇಲ್ಲಿ ಹೊರಬೀಳುತ್ತವೆ. ಸ್ಪೀಕರ್‌ನ ಮುಂಭಾಗದಲ್ಲಿ ಟ್ರೆಬಲ್, ಮಿಡ್ ಗುಂಡಿಗಳಿದ್ದರೆ ಅವನ್ನು ತಿರುಗಿಸಿ. ಕರಕರ ಅಂದರೆ, ಸದ್ದು ಬಂದು ಹೋಗಿ ಮಾಡಿದರೆ ಒಳಗೆ ಕಿಲುಬು ಕಟ್ಟಿದೆ. ಹತ್ತಾರು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಎಲ್ಲ ಹಾಡುತ್ತಿದ್ದರೂ ಮೇಲಿನ ಸ್ವರ ಎರಡರಲ್ಲೂ ಮಂಕಾಗಿದ್ದರೆ ಕ್ರಾಸ್‌ಓವರ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಮೇಲೆ ಅನುಮಾನ ಪಡಿ. ಇಪ್ಪತ್ತೈದು ಮೂವತ್ತು ವರ್ಷಕ್ಕೆ ಅವು ಬಳಲುತ್ತವೆ. ಅಷ್ಟೇ ಮೈಕ್ರೋಫ್ಯಾರಡ್‌ನ ಹೊಸದನ್ನು ಬೆಸುಗೆ ಹಾಕಿಸಿದರೆ ಆಯಿತು, ಬಿಡಿಭಾಗದ ಬೆಲೆಯೂ ಹೆಚ್ಚಲ್ಲ. ಇದು ಸ್ಪೀಕರನ್ನು ತಿರಸ್ಕರಿಸುವ ಕಾರಣವಲ್ಲ. ಸುಟ್ಟ ಟ್ವೀಟರ್ ಬೇರೆ ಮಾತು. ಅದೇ ಮಾದರಿಯ ಟ್ವೀಟರ್ ಈಗಲೂ ಸಿಗುತ್ತದೆ ಎಂದು ನೀವೇ ಹುಡುಕಿ ಖಚಿತಪಡಿಸಿಕೊಳ್ಳುವವರೆಗೆ ದುಡ್ಡು ಕೊಡಬೇಡಿ.

ಹೆಜ್ಜೆ 9: ಮನೆಗೆ ತಂದ ಮೇಲೆ

ರಿಸೀವರ್ ಆಫ್ ಮಾಡಿಯೇ ತಂತಿ ಸಿಕ್ಕಿಸಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಬಿಚ್ಚಿದ ತಂತಿಯ ಒಂದೇ ಒಂದು ಎಳೆ ಪಕ್ಕದ ತುದಿಗೆ ತಾಗಿದರೂ ಶಾರ್ಟ್ ಆಗುತ್ತದೆ, ಚೆನ್ನಾಗಿ ಹೊಸೆಯಿರಿ. ಐದು ಮೀಟರ್ ಒಳಗೆ 8 ಓಮ್‌ಗೆ 1.5 ಚದರ ಮಿಲಿಮೀಟರ್‌ನ ಸಾದಾ ತಾಮ್ರದ ತಂತಿ ಸಾಕು. 4 ಓಮ್‌ಗೆ ಅಥವಾ ದೂರ ಹೆಚ್ಚಿದ್ದರೆ 2.5 ತೆಗೆದುಕೊಳ್ಳಿ. ಇದಕ್ಕಿಂತ ದುಬಾರಿ ತಂತಿಗೆ ಹಣ ಹಾಕಬೇಡಿ, ಆ ದುಡ್ಡಿಗೆ ಸ್ಟ್ಯಾಂಡ್ ಬರುತ್ತದೆ.

ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸೇರಿ ಸಮಬಾಹು ತ್ರಿಕೋನವಾಗಲಿ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಗೋಡೆಯಿಂದ ಒಂದೊಂದು ಗೇಣು ಮುಂದೆ ಹಿಂದೆ ಸರಿಸುತ್ತಾ ಕೇಳಿ. ಬೇಸ್ ತುಂಬಿಕೊಂಡೂ ಗುಂಯ್‌ಗುಡದ ಒಂದು ಜಾಗ ಸಿಗುತ್ತದೆ.

ಮೊದಲ ದಿನ ನಿಮ್ಮ ಎಂದಿನ ವಾಲ್ಯೂಮ್‌ನಲ್ಲಿ ಒಂದು ಗಂಟೆ ಹಾಡಿಸಿ, ಬಳಿಕ ರಿಸೀವರ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಜೋಡಿ ಹೊಂದಿದೆ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಮೇಲೆ ಇಟ್ಟ ವಸ್ತುಗಳನ್ನು ತೆಗೆದು, ಗಾಳಿಯಾಡಲು ಬಿಟ್ಟು, ಎ+ಬಿ ಎರಡೂ ಒತ್ತಿಲ್ಲ ತಾನೇ ಎಂದು ನೋಡಿ ಮತ್ತೊಂದು ಗಂಟೆ ಹಾಡಿಸಿ. ಆಗಲೂ ಸುಟ್ಟರೆ ಆ ಸ್ಪೀಕರನ್ನು ಈ ರಿಸೀವರ್‌ಗೆ ಹಾಕಬೇಡಿ. ಕೊಂಡ ಬೆಲೆಗೇ ಮಾರಿ, 8 ಓಮ್‌ನ ಇನ್ನೊಂದು ಜೋಡಿ ಹುಡುಕಿ.